ಕಸ್ಟಮ್ ಎಲೆಕ್ಟ್ರಿಕ್ ಗಿಟಾರ್ ಯಾರ ಹತ್ತಿರ ಮಾಡಿಸೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಗಿಟಾರ್ ಸೆಟಪ್, ಫ್ರೆಟ್ (ಬೆರಳಿಡುವ ಹಲಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಕೆಲಸ, ರಿಪೇರಿ ಮಾಡಿಕೊಂಡಿರುವವನು ನಾನು. ನಾನಾಗಿ ಗಿಟಾರ್ ಕಟ್ಟಿಲ್ಲ. ಬೇರೆಯವರು ಕಟ್ಟಿದ್ದನ್ನು ಬಿಚ್ಚಿ, ಅಳೆದು, ಸರಿಮಾಡಿ ಕೊಟ್ಟಿದ್ದೇನೆ. ರಿಪೇರಿಗೆ ಬಂದವರು ಮೇಜಿನ ಎದುರು ಕೂತು ಕೇಳಿದ್ದು, ವಾಟ್ಸಾಪಿನಲ್ಲಿ ಕೇಳಿದ್ದು, ಅಮೆರಿಕ, ಜರ್ಮನಿಗಳಲ್ಲಿರುವ ಕನ್ನಡದ ಹುಡುಗರು ಮೇಲ್ ಬರೆದು ಕೇಳಿದ್ದು, ಇವುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆಕೆಡಿಸುವವು ಆಮೇಲೆ.

## ಶುರುವಿನಲ್ಲೇ ಬರುವವು

ಕಸ್ಟಮ್ ಶಾಪ್ ಅಂದ್ರೂ ಕಸ್ಟಮ್ ಬಿಲ್ಡರ್ ಅಂದ್ರೂ ಒಂದೇ ಅಲ್ವಾ ಸರ್?

ಒಂದೇ ಅಲ್ಲ. ಇದರಲ್ಲಿ ಮೂರು ಥರದ ವ್ಯವಹಾರ ಇದೆ.

ಮೊದಲನೆಯದು ದೊಡ್ಡ ಕಂಪನಿಯ ಒಳಗಿನ ವಿಶೇಷ ವಿಭಾಗ. ಫೆಂಡರ್ ಕಸ್ಟಮ್ ಶಾಪನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಕರೋನಾ ಊರಿನಲ್ಲಿ ಜಾನ್ ಪೇಜ್ ಮತ್ತು ಮೈಕಲ್ ಸ್ಟೀವನ್ಸ್ ಸೇರಿ ಶುರುಮಾಡಿದರು. ಗಿಬ್ಸನ್‌ನವರದ್ದು ನ್ಯಾಶ್‌ವಿಲ್‌ನಲ್ಲಿದೆ. ಪಿಆರ್‌ಎಸ್‌ನವರು (ಪಾಲ್ ರೀಡ್ ಸ್ಮಿತ್ ಕಂಪನಿ) 1996ರಲ್ಲಿ ಪ್ರೈವೇಟ್ ಸ್ಟಾಕ್ ಎಂಬ ವಿಭಾಗ ಶುರುಮಾಡಿದರು. ಫೆಂಡರ್‌ನಲ್ಲಿ ಮತ್ತೂ ಒಂದು ಒಳಭೇದ ಇದೆ. 'ಟೀಮ್ ಬಿಲ್ಟ್' ಅಂದರೆ ಹಲವರ ಕೈ ದಾಟಿ ಬಂದದ್ದು. 'ಮಾಸ್ಟರ್‌ಬಿಲ್ಟ್' ಅಂದರೆ ಒಬ್ಬ ಹಿರಿಯ ಕೆಲಸಗಾರ ತನ್ನ ಹೆಸರು ಹಾಕಿ ಜವಾಬ್ದಾರಿ ಹೊತ್ತು ಮಾಡಿದ್ದು.

ಎರಡನೆಯದು ಒಬ್ಬ ಮನುಷ್ಯನ ಹೆಸರಿನಲ್ಲಿ ನಡೆಯುವ ಸಣ್ಣ ಕಾರ್ಖಾನೆ. ಸುರ್, ಟಾಮ್ ಆಂಡರ್ಸನ್, ಜೇಮ್ಸ್ ಟೈಲರ್, ಕಾಲಿಂಗ್ಸ್ ಈ ಸಾಲಿನವರು. ಮಾದರಿಗಳು ಅವರವು, ಅದರೊಳಗೆ ಮರ, ಬಣ್ಣ, ನೆಕ್ (ಎಡಗೈಯಲ್ಲಿ ಹಿಡಿಯುವ ಉದ್ದ ಭಾಗ), ಪಿಕಪ್ (ತಂತಿಯ ಅಲುಗಾಟವನ್ನು ಆಂಪಿಗೆ ಮುಟ್ಟಿಸುವ ಭಾಗ) ಆರಿಸಿಕೊಳ್ಳುವುದು ನೀವು.

ಮೂರನೆಯದು ಒಬ್ಬರೋ ನಾಲ್ಕೈದು ಜನರೋ ಇರುವ ಕೆಲಸದ ಮನೆ. ಜರ್ಮನಿಯ ಉಲ್ರಿಚ್ ಟಾಯ್ಫೆಲ್, ಫಿನ್ಲೆಂಡಿನ ಯೂಹಾ ರುವೊಕಂಗಾಸ್ ಇಲ್ಲಿ ಬರುತ್ತಾರೆ.

ಹೋಲಿಕೆ ಮಾಡುವ ಮೊದಲು ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ಅಂತ ಗೊತ್ತಿರಬೇಕು. ಮೊದಲ ಸಾಲಿನಲ್ಲಿ ನಿಮ್ಮ ಮಾತು ಅಂಗಡಿಯವನ ಜೊತೆ, ಎರಡನೆಯದರಲ್ಲಿ ಕಂಪನಿಯ ಜೊತೆ, ಮೂರನೆಯದರಲ್ಲಿ ಉಳಿ ಹಿಡಿದವನ ಜೊತೆಯೇ.

ಮೂರು ಲಕ್ಷದ ಗಿಟಾರ್‌ಗೂ ಎಂಟು ಲಕ್ಷದ ಗಿಟಾರ್‌ಗೂ ಅಷ್ಟೊಂದು ವ್ಯತ್ಯಾಸ ಕಿವಿಗೆ ಕೇಳುತ್ತಾ?

ಕಿವಿಗೆ ಅಷ್ಟು ಕೇಳಲ್ಲ, ಕೈಗೆ ಸ್ವಲ್ಪ ಗೊತ್ತಾಗುತ್ತೆ, ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಒಂದು ಮಟ್ಟ ದಾಟಿದ ಮೇಲೆ ದುಡ್ಡು ಹೋಗುವುದು ಅಪರೂಪದ ಮರದ ಹಲಗೆಗೆ, ಬಣ್ಣ ಹಚ್ಚುವ ಗಂಟೆಗಳಿಗೆ, ಮರದಲ್ಲಿ ಗುಳಿ ಕಡಿದು ಚಿಪ್ಪು ಕೂರಿಸುವ ಇನ್‌ಲೇಗೆ ಮತ್ತು ಹೆಸರಿಗೆ. ಅದರಲ್ಲಿ ತಪ್ಪೇನೂ ಇಲ್ಲ. ಚೆಂದದ ವಸ್ತು ಬೇಕು ಅನ್ನುವುದು ನ್ಯಾಯವಾದ ಆಸೆ. ಆದರೆ ಸದ್ದಿಗೆ ಅಂತ ಐದು ಲಕ್ಷ ಹೆಚ್ಚು ಕೊಡುತ್ತೇನೆ ಅಂದುಕೊಂಡು ಕೊಟ್ಟರೆ ನಿರಾಸೆ ಖಂಡಿತ. ನೀವು ನುಡಿಸುವ ಆಂಪ್ ಮತ್ತು ಸ್ಪೀಕರ್ ಬದಲಾದಾಗ ಸದ್ದು ಬದಲಾಗುವಷ್ಟು, ಈ ಎರಡು ಗಿಟಾರ್‌ಗಳ ನಡುವೆ ಬದಲಾಗುವುದಿಲ್ಲ.

ಸಿಎನ್‌ಸಿ ಮೆಷೀನಲ್ಲಿ ಕತ್ತರಿಸಿದ್ರೆ ಅದು ಹ್ಯಾಂಡ್‌ಮೇಡ್ ಹೇಗಾಗುತ್ತೆ?

ಈ ಪ್ರಶ್ನೆಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತೆ, ಮೋಸ ಹೋದೆನೇನೋ ಅನ್ನುವ ಹಾಗೆ. ಆ ಸಿಟ್ಟು ಬೇಡ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದ ಅಳತೆಗೆ ಮರ ಕತ್ತರಿಸುವ ಯಂತ್ರ. ಜಾನ್ ಸುರ್ 1997ರಲ್ಲಿ ಕಂಪನಿ ಶುರುಮಾಡಿದಾಗ ಜೊತೆಗಿದ್ದ ಸ್ಟೀವ್ ಸ್ಮಿತ್ ಸಿಎನ್‌ಸಿ ಬಲ್ಲವರು. ಟಾಮ್ ಆಂಡರ್ಸನ್ ಕೂಡ ಮೆಷೀನನ್ನು ಬಚ್ಚಿಟ್ಟವರಲ್ಲ. ನೆಕ್ ಕೂರುವ ಗುಳಿ ಕೂದಲೆಳೆಯಷ್ಟೂ ಸಡಿಲ ಇರಬಾರದು, ಫ್ರೆಟ್ ಕೂರುವ ಸೀಳು ಅಳತೆ ತಪ್ಪಬಾರದು. ಇಂಥ ಕೆಲಸಕ್ಕೆ ಮೆಷೀನೇ ವಾಸಿ. ಫ್ರೆಟ್ ಮಟ್ಟ ಮಾಡುವುದಕ್ಕೂ ಜರ್ಮನಿಯಲ್ಲಿ ಹುಟ್ಟಿದ ಪ್ಲೆಕ್ ಎಂಬ ಯಂತ್ರವಿದೆ. ತಂತಿ ಬಿಗಿದಿರುವಾಗಲೇ ನೆಕ್ಕನ್ನು ಅಳೆದು, ಯಾವ ಫ್ರೆಟ್ ಎಷ್ಟು ಎತ್ತರ ಅಂತ ಲೆಕ್ಕ ಹಾಕಿ ಉಜ್ಜುತ್ತೆ. ಸುರ್ ಇದನ್ನು ಬಳಸುತ್ತಾರೆ.

ಇನ್ನೊಂದು ಮಾತು ನೆನಪಿಡಿ. ನಾವು ಕೈಕೆಲಸದ ಮಾದರಿ ಅಂತ ಪೂಜಿಸುವ ಫೆಂಡರಿನ 1954ರ ಸ್ಟ್ರ್ಯಾಟೊಕ್ಯಾಸ್ಟರ್ (ಸ್ಟ್ರ್ಯಾಟ್) ಹುಟ್ಟಿದ್ದೇ ಕಾರ್ಖಾನೆಯ ವಿನ್ಯಾಸವಾಗಿ. ಬೋಲ್ಟ್ ಹಾಕಿ ನೆಕ್ ಕೂರಿಸುವ ಉಪಾಯವನ್ನು ಲಿಯೊ ಫೆಂಡರ್ ತಂದದ್ದು ಬೇಗ ಕಟ್ಟಲಿ, ಕೆಟ್ಟರೆ ಬೇಗ ಬದಲಿಸಲಿ ಅಂತ. ಹಾಗಾಗಿ ಬಿಲ್ಡರ್‌ನನ್ನು ಕೇಳಬೇಕಾದ್ದು ಮೆಷೀನ್ ಇದೆಯಾ ಅಂತಲ್ಲ. ಮೆಷೀನಿನಿಂದ ಇಳಿದ ಮೇಲೆ ನೆಕ್ಕನ್ನು ಎಷ್ಟು ದಿನ ಬಿಡುತ್ತೀರಿ, ಕೊನೆಯ ಫ್ರೆಟ್ ಕೆಲಸ ಯಾರು ಮಾಡುತ್ತಾರೆ ಅಂತ ಕೇಳಿ.

ಗಿಟಾರ್ ಕೈಗೆ ಬಂದಾಗ ಒಳ್ಳೆ ಕೆಲಸ ಅಂತ ಹೇಗೆ ಗುರುತು ಹಿಡಿಯೋದು?

ನನ್ನ ಮೇಜಿನ ಮೇಲೆ ಹೊಸ ಗಿಟಾರ್ ಬಂದರೆ ಮೊದಲು ಆಂಪಿಗೆ ಸಿಕ್ಕಿಸುವುದಿಲ್ಲ. ಎಡಗೈ ಹೆಬ್ಬೆರಳು, ತೋರುಬೆರಳನ್ನು ನೆಕ್ಕಿನ ಎರಡು ಅಂಚಿಗೂ ಇಟ್ಟು ನಟ್ಟಿನಿಂದ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬಾಡಿಯವರೆಗೆ ಮೆಲ್ಲಗೆ ಜಾರಿಸುತ್ತೇನೆ. ಫ್ರೆಟ್ ತುದಿಗಳು ಮಣಿ ಪೋಣಿಸಿದ ಹಾಗೆ ದುಂಡಗೆ ಸಿಗಬೇಕು. ಎಲ್ಲಾದರೂ ಒಂದು ಕಡೆ ಬೆರಳು ತಡೆದರೆ ಅಲ್ಲಿ ಅರ ಹಿಡಿದವನು ಅವಸರ ಮಾಡಿದ್ದಾನೆ, ಇಲ್ಲವೇ ಮರ ಒಣಗಿ ಕುಗ್ಗಿದೆ.

ಆಮೇಲೆ ನಟ್. ಮೊದಲ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಮೊದಲನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಉಳಿದಿದೆ ನೋಡುತ್ತೇನೆ. ತಂತಿಯನ್ನು ತಟ್ಟಿದರೆ ಟಿಕ್ ಅನ್ನುವಷ್ಟು, ಕಾಗದ ತೂರುವಷ್ಟು ಇದ್ದರೆ ಸಾಕು. ಅದಕ್ಕಿಂತ ಎತ್ತರ ಇದ್ದರೆ ಎಫ್ ಬಾರ್ ಕಾರ್ಡ್ ಹಿಡಿದಾಗ ಕೈ ನೋಯುವುದಷ್ಟೇ ಅಲ್ಲ, ಸ್ವರ ಕೂಡ ಏರುತ್ತೆ. ದುಬಾರಿ ಗಿಟಾರ್‌ಗಳಲ್ಲೂ ನನಗೆ ಅತಿ ಹೆಚ್ಚು ಸಿಕ್ಕಿರುವ ದೋಷ ಇದೇ.

ಮೂರನೆಯದಾಗಿ ನೆಕ್ ಮತ್ತು ಬಾಡಿ ಕೂಡುವ ಜಾಗ. ಒಂದು ಹಾಳೆ ತೂರುವಷ್ಟೂ ಸಂದು ಇರಬಾರದು. ಇನ್‌ಲೇ ಇದ್ದರೆ ಬೆಳಕಿಗೆ ಓರೆಯಾಗಿ ಹಿಡಿದು ಅಂಚು ನೋಡಿ. ಮರಕ್ಕೂ ಚಿಪ್ಪಿಗೂ ನಡುವೆ ಕಪ್ಪು ಅಂಟು ತುಂಬಿದ ಗೆರೆ ಕಂಡರೆ ಗುಳಿ ದೊಡ್ಡದಾಗಿ ಕಡಿದಿದ್ದಾರೆ ಅಂತ ಅರ್ಥ. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ, ಎಲ್ಲ ತಂತಿಯಲ್ಲೂ ಪ್ರತಿ ಫ್ರೆಟ್ ಒತ್ತಿ ಆಂಪ್ ಇಲ್ಲದೆ ನುಡಿಸಿ. ಹದಿಮೂರನೇ ಫ್ರೆಟ್ ದಾಟಿದ ಮೇಲೆ ತಂತಿ ಎಳೆದಾಗ ಸ್ವರ ಸತ್ತರೆ ಫ್ರೆಟ್ ಮಟ್ಟ ಇಲ್ಲ.

## ಬಿಲ್ಡರ್‌ಗಳನ್ನು ಪಕ್ಕ ಪಕ್ಕ ಇಟ್ಟು ನೋಡುವಾಗ

ಸುರ್, ಆಂಡರ್ಸನ್, ಟೈಲರ್ ಮೂವರೂ ಸ್ಟ್ರ್ಯಾಟ್ ಥರದ್ದೇ ಮಾಡ್ತಾರಲ್ಲ, ಯಾರನ್ನ ಆರಿಸಲಿ?

ಮೂವರ ಕೆಲಸವೂ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್ ಸ್ಟುಡಿಯೊಗಳಲ್ಲಿ ದಿನಕ್ಕೆ ನಾಲ್ಕು ಥರದ ಹಾಡು ನುಡಿಸುವವರಿಗೆ ಒಂದೇ ಗಿಟಾರ್ ಸಾಕಾಗಬೇಕು ಎಂಬ ಅಗತ್ಯದಿಂದ ಬೆಳೆದ ಜಾತಿ ಇದು. ಒಳಹೊಕ್ಕು ನೋಡಿದರೆ ಮೂವರ ಮನಸ್ಸೂ ಬೇರೆ.

ಟಾಮ್ ಆಂಡರ್ಸನ್ ಷೆಕ್ಟರ್‌ನಲ್ಲಿ ಕೆಲಸ ಮಾಡಿ 1984ರಲ್ಲಿ ಸ್ವಂತ ಕೆಲಸ ಶುರುಮಾಡಿದರು. ಇವರದ್ದು ಎಂಜಿನಿಯರ್‌ನ ಕಣ್ಣು. ನೆಕ್ ಕೂರುವ ಜಾಗವನ್ನು ಬೆಣೆಯ ಆಕಾರದಲ್ಲಿ ಕಡಿದು ಎರಡೇ ಬೋಲ್ಟಿನಲ್ಲಿ ಬಿಗಿಯುವ ಜೋಡಣೆ ಇವರ ಗುರುತು. ಅಂಥದ್ದೊಂದರ ನೆಕ್ ಬಿಚ್ಚಿ ಮತ್ತೆ ಹಾಕಿದ್ದೇನೆ. ಬೆಣೆ ತಾನಾಗಿ ತನ್ನ ಜಾಗಕ್ಕೆ ಇಳಿದು ಕೂತಿತು, ಅತ್ತಿತ್ತ ಸರಿಸುವ ಪ್ರಶ್ನೆಯೇ ಬರಲಿಲ್ಲ. ಹತ್ತು ಆಂಡರ್ಸನ್ ತಂದಿಟ್ಟರೆ ಹತ್ತೂ ಒಂದೇ ಹದದಲ್ಲಿರುತ್ತವೆ. ನೋಡದೇ ತರಿಸುವವರಿಗೆ ಇದು ದೊಡ್ಡ ಧೈರ್ಯ.

ಜಾನ್ ಸುರ್ ನ್ಯೂಯಾರ್ಕಿನ ರೂಡೀಸ್ ಮ್ಯೂಸಿಕ್ ಅಂಗಡಿಯಲ್ಲಿ ರಿಪೇರಿ ಕೆಲಸದಿಂದ ಬಂದವರು. ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ಕೈಯಲ್ಲಿ ನೋಡಿದ ಪೆನ್ಸಾ-ಸುರ್ ಗಿಟಾರ್ ಆ ಕಾಲದ್ದು. ನಡುವೆ ಫೆಂಡರ್ ಕಸ್ಟಮ್ ಶಾಪಿನಲ್ಲೂ ಮಾಸ್ಟರ್ ಬಿಲ್ಡರ್ ಆಗಿದ್ದರು. ರಿಪೇರಿಯವರು ಬಿಲ್ಡರ್ ಆದರೆ ಏನಾಗುತ್ತೆ ಅಂತ ಇವರ ಗಿಟಾರ್‌ನಲ್ಲಿ ಕಾಣುತ್ತೆ: ಮುಂದೆ ಏನು ಕೆಡಬಹುದೋ ಅದನ್ನು ಮೊದಲೇ ಯೋಚಿಸಿರುತ್ತಾರೆ. ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ಪಿನ ಗುಂಯ್‌ಗುಡುವಿಕೆಯನ್ನು ಸದ್ದಿನ ಗುಣ ಕೆಡಿಸದೆ ತಗ್ಗಿಸುವ ಇವರ ವ್ಯವಸ್ಥೆ ನಮ್ಮ ಊರಿನ ಸಭಾಭವನಗಳಿಗೆ ಹೇಳಿ ಮಾಡಿಸಿದ್ದು. ಅರ್ಥಿಂಗ್ ಸರಿಯಿಲ್ಲದ ಸ್ಟೇಜಿನಲ್ಲಿ ನಿಂತವರಿಗೆ ಇದರ ಬೆಲೆ ಗೊತ್ತು.

ಜೇಮ್ಸ್ ಟೈಲರ್ ಮೂವರಲ್ಲಿ ಹಟಮಾರಿ. ಸ್ಟುಡಿಯೊ ಗಿಟಾರ್ ವಾದಕ ಮೈಕಲ್ ಲ್ಯಾಂಡೌ ಅವರ ಜೊತೆಗಿನ ನಂಟಿನಿಂದ ಹೆಸರಾದವರು. ಕೈ ತುಂಬುವ ನೆಕ್, ಮಧ್ಯದ ಕಂಪನಾಂಕಗಳನ್ನು ಮೇಲೆತ್ತುವ ಒಳಗಿನ ಪ್ರಿಆಂಪ್, ಬಣ್ಣದ ಡಬ್ಬಿಗಳನ್ನೇ ಬಗ್ಗಿಸಿದ ಹಾಗಿರುವ ಫಿನಿಷ್. ಇಷ್ಟವಾದರೆ ಬೇರೆ ಯಾವುದೂ ರುಚಿಸುವುದಿಲ್ಲ, ಆಗದಿದ್ದರೆ ಹತ್ತು ನಿಮಿಷದಲ್ಲಿ ಕೆಳಗಿಡುತ್ತೀರಿ.

ನನ್ನ ಅಭಿಪ್ರಾಯ ಕೇಳಿದರೆ: ಒಂದೇ ಗಿಟಾರಿನಲ್ಲಿ ಆರ್ಕೆಸ್ಟ್ರಾ, ಸ್ಟುಡಿಯೊ, ಬ್ಯಾಂಡ್ ಮೂರೂ ನಡೆಯಬೇಕಾದವರು ಸುರ್ ನೋಡಿ. ಶ್ರುತಿ ಮತ್ತು ಹದ ಒಂದಿಷ್ಟೂ ಕದಲಬಾರದು ಅನ್ನುವವರಿಗೆ ಆಂಡರ್ಸನ್. ಟೈಲರನ್ನು ಕೈಯಲ್ಲಿ ಹಿಡಿಯದೆ ತರಿಸಬೇಡಿ.

ಲೆಸ್ ಪಾಲ್ ಥರದ ದಪ್ಪ ಸದ್ದು ಬೇಕು, ಆದ್ರೆ ಗಿಬ್ಸನ್ ಬೇಡ. ಪಿಆರ್‌ಎಸ್, ನ್ಯಾಗ್ಸ್, ನಿಕ್ ಹೂಬರ್, ಕಾಲಿಂಗ್ಸ್ ಇವರಲ್ಲಿ?

ಲೆಸ್ ಪಾಲ್ ಅಂದರೆ ಗಿಬ್ಸನ್ ಕಂಪನಿಯ ಹೆಸರಾಂತ ಮಾದರಿ. ಮೊದಲು ತಂತಿಯ ಉದ್ದ, ಅಂದರೆ ನಟ್ಟಿನಿಂದ ಬಾಡಿಯ ಮೇಲಿನ ಬ್ರಿಡ್ಜಿನವರೆಗೆ ಅಲುಗುವ ಭಾಗದ ಉದ್ದ ನೋಡಿ. ಗಿಬ್ಸನ್ 24.75 ಇಂಚು, ಫೆಂಡರ್ 25.5, ಪಿಆರ್‌ಎಸ್‌ನ ಮುಖ್ಯ ಮಾದರಿಗಳು ಸರಿಯಾಗಿ 25. ಕಾಲು ಇಂಚು ಏನು ಮಹಾ ಅನಿಸಬಹುದು. ಅದೇ ತಂತಿ, ಅದೇ ಶ್ರುತಿಗೆ ಉದ್ದ ಜಾಸ್ತಿಯಾದಷ್ಟೂ ಬಿಗಿ ಜಾಸ್ತಿ, ಬೆರಳಿಗೆ ತಕ್ಷಣ ಗೊತ್ತಾಗುತ್ತೆ. ಪಿಆರ್‌ಎಸ್ ನಿಂತಿರುವುದು ಆ ಇಬ್ಬರ ನಡುವೆ. ಪಾಲ್ ರೀಡ್ ಸ್ಮಿತ್ 1985ರಲ್ಲಿ ಮೇರಿಲ್ಯಾಂಡಿನ ಅನ್ನಾಪೊಲಿಸ್‌ನಲ್ಲಿ ಕಂಪನಿ ಕಟ್ಟಿದರು, ಈಗ ಹತ್ತಿರದ ಸ್ಟೀವನ್ಸ್‌ವಿಲ್‌ನಲ್ಲಿದೆ. ಲೆಸ್ ಪಾಲ್‌ನ ಮಂದವಾದ ಗುಡುಗು ಬೇಕೆಂದವರಿಗೆ ಪಿಆರ್‌ಎಸ್ ಸ್ವಲ್ಪ ತಿಳಿಯಾಗಿ, ಗೆರೆ ಎಳೆದ ಹಾಗೆ ಕೇಳಿಸುತ್ತೆ.

ಜೋ ನ್ಯಾಗ್ಸ್ ಪಿಆರ್‌ಎಸ್‌ನಲ್ಲೇ ವರ್ಷಗಟ್ಟಲೆ ದುಡಿದು, ಪ್ರೈವೇಟ್ ಸ್ಟಾಕನ್ನು ನೋಡಿಕೊಂಡು, ಆಮೇಲೆ ಅದೇ ಮೇರಿಲ್ಯಾಂಡಿನಲ್ಲಿ ಸ್ವಂತ ಹೆಸರಿನಲ್ಲಿ ಶುರುಮಾಡಿದವರು. ಅವರ ಕೆನಾಯ್ ಮಾದರಿ ಲೆಸ್ ಪಾಲ್ ಮನೆತನಕ್ಕೆ ಹತ್ತಿರ. ನಿಕ್ ಹೂಬರ್ ಜರ್ಮನಿಯ ರೋಡ್‌ಗೌ ಊರಿನವರು, ಮರಗೆಲಸದ ಹಿನ್ನೆಲೆಯಿಂದ ಬಂದವರು. ಅವರ ಓರ್ಕಾ ಕೈಗೆತ್ತಿಕೊಂಡರೆ ಅಂಚುಗಳನ್ನು ತಿದ್ದಿದ ತಾಳ್ಮೆ ಕಾಣುತ್ತೆ. ಕಾಲಿಂಗ್ಸ್ ಟೆಕ್ಸಸ್‌ನ ಆಸ್ಟಿನ್‌ನವರು. ಬಿಲ್ ಕಾಲಿಂಗ್ಸ್ 2017ರಲ್ಲಿ ತೀರಿಕೊಂಡರು, ಕೆಲಸದ ಮಟ್ಟ ಮಾತ್ರ ಇಳಿದಿಲ್ಲ. ಅರೆಪೊಳ್ಳು ಬಾಡಿಯ ಐ-35 ನುಡಿಸಲು ಸಿಕ್ಕರೆ ಬಿಡಬೇಡಿ.

ಈ ಜಾತಿಯ ಗಿಟಾರ್ ಕೊಳ್ಳುವಾಗ ರಿಪೇರಿಯವನಾಗಿ ಒಂದು ಮಾತು. ಗಿಬ್ಸನ್ ಶೈಲಿಯಲ್ಲಿ ತಲೆ (ಶ್ರುತಿ ಕೀಲಿಗಳಿರುವ ತುದಿ) 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುತ್ತೆ, ಮರದ ಎಳೆ ಅಲ್ಲಿ ಓರೆಯಾಗಿ ತುಂಡಾಗಿರುತ್ತೆ, ನೆಕ್ಕಿನ ಬಾಗು ಸರಿಮಾಡಲು ಒಳಗಿರುವ ಲೋಹದ ಸರಳಿನ (ಟ್ರಸ್ ರಾಡ್) ತಿರುಪಿಗಾಗಿ ಅದೇ ಜಾಗದಲ್ಲಿ ಗುಳಿ ಬೇರೆ ತೋಡಿರುತ್ತಾರೆ. ಸ್ಟ್ಯಾಂಡಿನಿಂದ ಒಮ್ಮೆ ಬಿದ್ದರೆ ಮುರಿಯುವುದು ಅಲ್ಲೇ. ನಾನು ಅಂಟಿಸಿದ ತಲೆಗಳಿಗೆ ಲೆಕ್ಕವಿಲ್ಲ. ನಿಮ್ಮ ಬಿಲ್ಡರ್ ಆ ಜಾಗವನ್ನು ಹೇಗೆ ಗಟ್ಟಿ ಮಾಡುತ್ತಾರೆ, ತಲೆಯನ್ನು ಬೇರೆ ತುಂಡಾಗಿ ಜೋಡಿಸುತ್ತಾರಾ, ಹಿಂದೆ ಉಬ್ಬು ಬಿಡುತ್ತಾರಾ ಅಂತ ಕೇಳಿ.

ಹೊಸ ಗಿಟಾರನ್ನ ಬೇಕಂತಲೇ ಗೀರಿ ಹಳೇದು ಮಾಡಿ ಜಾಸ್ತಿ ದುಡ್ಡು ತಗೋತಾರಲ್ಲ, ಯಾಕೆ?

ಫೆಂಡರ್ 1995ರಲ್ಲಿ 'ರೆಲಿಕ್' ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮೊದಲ ವರ್ಷಗಳ ಬಾಡಿ, ನೆಕ್‌ಗಳನ್ನು ಸವೆಸಿ ಕೊಟ್ಟವರು ವಿನ್ಸ್ ಕ್ಯುನೆಟೊ. ಗಿಬ್ಸನ್‌ನಲ್ಲಿ ಈಗ ಟಾಮ್ ಮರ್ಫಿ ಹೆಸರಿನಲ್ಲಿ ಮರ್ಫಿ ಲ್ಯಾಬ್ ಇದೆ. ನೋಟದ ವಿಚಾರ ನಿಮ್ಮಿಷ್ಟ. ಆದರೆ ಒಂದು ನಿಜವಾದ ಲಾಭ ಇದೆ: ನೆಕ್ಕಿನ ಹಿಂಭಾಗದ ವಾರ್ನಿಷ್ ತೆಗೆದು, ಫ್ರೆಟ್‌ಬೋರ್ಡಿನ ಅಂಚನ್ನು ಬೆರಳು ಸವೆಸಿದಂತೆ ಉರುಟು ಮಾಡುತ್ತಾರೆ. ಅದು ಮೊದಲ ದಿನವೇ ಹಳೇ ಚಪ್ಪಲಿಯ ಹಾಗೆ ಒಗ್ಗುತ್ತೆ. ಗೀರು ಬೇಡ, ಆ ಉರುಟು ಅಂಚು ಮಾತ್ರ ಸಾಕು ಅಂದರೂ ಬಹುಪಾಲು ಬಿಲ್ಡರ್‌ಗಳು ಮಾಡಿಕೊಡುತ್ತಾರೆ.

ಆರ್ಡರ್ ಕೊಡುವಾಗ ಏನೇನು ಬರೆದು ಕೊಡಬೇಕು?

ಅಂಕಿ ಬರೆದುಕೊಡಿ, ವಿಶೇಷಣ ಬೇಡ. ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಹನ್ನೆರಡು ವರ್ಷದ ಹಿಂದೆ ಹೊರದೇಶದ ಒಬ್ಬ ಬಿಲ್ಡರ್‌ಗೆ 'ನೆಕ್ ಸ್ವಲ್ಪ ದಪ್ಪಗಿರಲಿ' ಅಂತ ಬರೆದೆ. ಹದಿನಾಲ್ಕು ತಿಂಗಳು ಕಾದೆ. ಪೆಟ್ಟಿಗೆ ತೆರೆದು ಕೈಗೆತ್ತಿಕೊಂಡ ಕೂಡಲೇ ಹೆಬ್ಬೆರಳು ಮೇಲೆ ಬರಲೇ ಇಲ್ಲ. ಮೊದಲ ಫ್ರೆಟ್ಟಿನಲ್ಲಿ 24.5 ಮಿಲಿಮೀಟರ್. ನನ್ನ ಹಳೇ ಗಿಟಾರ್, ನಾನು ದಪ್ಪ ಅಂದುಕೊಂಡಿದ್ದದ್ದು, 21.5. ಅವರ ಊರಿನಲ್ಲಿ 'ಸ್ವಲ್ಪ ದಪ್ಪ' ಅಂದರೆ ಅಷ್ಟೇ. ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ, ಆದರೂ ಎರಡು ವರ್ಷದಲ್ಲಿ ನಷ್ಟಕ್ಕೆ ಮಾರಿದೆ. ಇವತ್ತಿಗೂ ಅದರ ನೆನಪಾದರೆ ಬೇಸರವಾಗುತ್ತೆ.

ಆದ್ದರಿಂದ ನಿಮಗೆ ತುಂಬಾ ಒಗ್ಗಿರುವ ಗಿಟಾರ್ ತೆಗೆದುಕೊಳ್ಳಿ, ಅದು ಹತ್ತು ಸಾವಿರದ್ದಾದರೂ ಸರಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಮೊದಲನೇ ಮತ್ತು ಹನ್ನೆರಡನೇ ಫ್ರೆಟ್ಟಿನ ಬಳಿ ನೆಕ್ಕಿನ ದಪ್ಪ ಅಳೆಯಿರಿ. ನಟ್ಟಿನ ಅಗಲ ಅಳೆಯಿರಿ. 42 ಮತ್ತು 43 ಮಿಲಿಮೀಟರ್ ನಡುವಿನ ವ್ಯತ್ಯಾಸ ಕೈಗೆ ಚೆನ್ನಾಗಿ ಗೊತ್ತಾಗುತ್ತೆ. ಫ್ರೆಟ್‌ಬೋರ್ಡಿನ ಅಡ್ಡ ಉಬ್ಬು ಎಷ್ಟು ತ್ರಿಜ್ಯದ್ದು ಅಂತ ಹೇಳಿ: 7.25 ಇಂಚು ಅಂದರೆ ಹಳೇ ಫೆಂಡರಿನ ದುಂಡು, ಕಾರ್ಡ್ ಹಿಡಿಯಲು ಹಿತ, ತಂತಿ ಎಳೆದರೆ ಸ್ವರ ಸಾಯುವ ಭಯ. 12 ಅಥವಾ 16 ಅಂದರೆ ಚಪ್ಪಟೆ. ನಟ್ಟಿನ ಕಡೆ ದುಂಡಗೆ, ಬಾಡಿಯ ಕಡೆ ಚಪ್ಪಟೆಯಾಗುವ ಕಾಂಪೌಂಡ್ ರೇಡಿಯಸ್ ಬಹಳ ಜನಕ್ಕೆ ಹೊಂದುತ್ತೆ. ಫ್ರೆಟ್ ತಂತಿಯ ಅಳತೆ ಬರೆಯಿರಿ. 6105 ಎಂಬ ನಂಬರಿನದ್ದು ಸುಮಾರು 2.3 ಮಿಲಿಮೀಟರ್ ಅಗಲ, 1.4 ಎತ್ತರ, 6100 ಅಷ್ಟೇ ಎತ್ತರ, 2.8 ಅಗಲ. ಸ್ಟೇನ್‌ಲೆಸ್ ಸ್ಟೀಲ್ ಬೇಕೋ ಬೇಡವೋ ಹೇಳಿ. ಬೆವರುವ ಕೈಯವರು ಬೇಕು ಅಂತಲೇ ಹೇಳಿ.

ತೂಕಕ್ಕೂ ಮೇಲ್ಮಿತಿ ಹಾಕಿ. ಮೂರು ಗಂಟೆ ನಿಂತು ನುಡಿಸುವವರಿಗೆ ಮೂರೂವರೆ ಕಿಲೋ ಮತ್ತು ನಾಲ್ಕೂವರೆ ಕಿಲೋ ನಡುವೆ ಇರುವುದು ಬೆನ್ನು. ಪಿಕಪ್ಪಿನ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ, ಅದನ್ನು ನಾಳೆ ಬದಲಿಸಬಹುದು. ನೆಕ್ಕನ್ನು ಅಷ್ಟು ಸುಲಭವಾಗಿ ಆಗುವುದಿಲ್ಲ.

## ಇನ್ನೂ ಆಳಕ್ಕೆ ಹೋದವರಿಗೆ

ಎಲೆಕ್ಟ್ರಿಕ್ ಗಿಟಾರಲ್ಲಿ ಮರದಿಂದ ಸದ್ದು ಬದಲಾಗುತ್ತಾ ಇಲ್ವಾ, ನೇರವಾಗಿ ಹೇಳಿ.

ಪಿಕಪ್ ಕೇಳಿಸಿಕೊಳ್ಳುವುದು ಉಕ್ಕಿನ ತಂತಿಯ ಅಲುಗಾಟವನ್ನು. ಮರದ ಪಾತ್ರ ಏನಿದ್ದರೂ ಆ ತಂತಿ ಎಷ್ಟು ಹೊತ್ತು, ಹೇಗೆ ಅಲುಗಲು ಬಿಡುತ್ತೆ ಅನ್ನುವುದರಲ್ಲಿ. ಅದು ಇದೆ, ಚಿಕ್ಕದು. ಪಿಕಪ್ಪಿನ ಎತ್ತರವನ್ನು ಸ್ಕ್ರೂನಲ್ಲಿ ಎರಡು ಸುತ್ತು ತಿರುಗಿಸಿದರೆ ಅದಕ್ಕಿಂತ ಹೆಚ್ಚು ಬದಲಾಗುತ್ತೆ.

ಬೇಕಾದರೆ ಮರದ ಮೇಲಿನ ನಂಬಿಕೆಯನ್ನೇ ಬಿಟ್ಟು ಕಟ್ಟಿದವರನ್ನು ನೋಡಿ. ಟಾಯ್ಫೆಲ್ 1995ರಲ್ಲಿ ಮಾಡಿದ ಬರ್ಡ್‌ಫಿಶ್‌ಗೆ ನಾವು ಬಾಡಿ ಅನ್ನುವಂಥದ್ದೇ ಇಲ್ಲ. ಎರಡು ಅಲ್ಯುಮಿನಿಯಂ ಎರಕಗಳು, ಅವನ್ನು ಜೋಡಿಸುವ ಬದಲಿಸಬಹುದಾದ ಮರದ ದಿಂಡುಗಳು, ಹಳಿಯ ಮೇಲೆ ಸರಿಯುವ ಪಿಕಪ್. ಕೆನ್ ಪಾರ್ಕರ್ ಮತ್ತು ಲ್ಯಾರಿ ಫಿಶ್‌ಮನ್ 1993ರಲ್ಲಿ ತಂದ ಪಾರ್ಕರ್ ಫ್ಲೈ, ತೆಳು ಮರಕ್ಕೆ ಕಾರ್ಬನ್ ಫೈಬರ್ ತೊಗಲು ಹೊದಿಸಿದ್ದು, ಎತ್ತಿದರೆ ಮಗುವಿನ ಆಟಿಕೆಯಷ್ಟು ಹಗುರ. ನೆದರ್ಲೆಂಡ್ಸಿನ ಅರಿಸ್ಟೈಡಿಸ್‌ನವರು ಮರವನ್ನೇ ಬಿಟ್ಟು ಏರಿಯಂ ಎಂಬ ಎರಕದ ವಸ್ತುವಿನಲ್ಲಿ ಗಿಟಾರ್ ಮಾಡುತ್ತಾರೆ. ಇವೆಲ್ಲವೂ ಒಳ್ಳೆಯ ಗಿಟಾರಿನ ಹಾಗೆಯೇ ಕೇಳಿಸುತ್ತವೆ.

ಹಾಗಾದರೆ ಮರ ಆರಿಸುವುದು ಯಾಕೆ? ತೂಕಕ್ಕೆ, ನೋಟಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ನೆಕ್ ಕದಲದೆ ಇರಲಿ ಅಂತ. ರುವೊಕಂಗಾಸ್ ಅವರು ಮರವನ್ನು ಶಾಖಕ್ಕೆ ಹದಮಾಡಿ ಬಳಸುವುದರಲ್ಲಿ ಮೊದಲಿಗರ ಸಾಲಿನವರು. ಆಮ್ಲಜನಕ ಇಲ್ಲದ ಕೋಣೆಯಲ್ಲಿ 160 ಡಿಗ್ರಿಗೂ ಮೇಲೆ ಕಾಯಿಸಿದ ಮರ ಆಮೇಲೆ ಗಾಳಿಯ ತೇವವನ್ನು ಅಷ್ಟಾಗಿ ಕುಡಿಯುವುದಿಲ್ಲ. 'ರೋಸ್ಟೆಡ್ ಮೇಪಲ್' ಅನ್ನುವುದು ಇದನ್ನೇ.

ನಮ್ಮ ಹವೆಗೆ ಹೊರದೇಶದ ಗಿಟಾರ್ ತಡ್ಕೊಳ್ಳುತ್ತಾ? ಮಂಗಳೂರಲ್ಲಿ ಇಟ್ಕೊಳ್ಳೋನು ನಾನು.

ತಡೆದುಕೊಳ್ಳುತ್ತೆ, ನೀವು ಒಂದಿಷ್ಟು ಗಮನ ಕೊಟ್ಟರೆ. ಮರಕ್ಕೆ ಹಿತವಾದ ತೇವಾಂಶ ಶೇಕಡ 45ರಿಂದ 55. ಕರಾವಳಿಯ ಜುಲೈನಲ್ಲಿ ಗಾಳಿಯೇ ಒದ್ದೆ. ಫ್ರೆಟ್‌ಬೋರ್ಡ್ ಉಬ್ಬಿ ನೆಕ್ ಹಿಂದಕ್ಕೆ ಬಾಗುತ್ತೆ, ಮೊದಲ ನಾಲ್ಕು ಫ್ರೆಟ್ಟುಗಳಲ್ಲಿ ತಂತಿ ಝರ್ ಅನ್ನುತ್ತೆ. ಬೆಂಗಳೂರು, ಕಲಬುರಗಿ ಕಡೆ ಫೆಬ್ರವರಿ, ಮಾರ್ಚಿನಲ್ಲಿ ಇದಕ್ಕೆ ಉಲ್ಟಾ: ಮರ ಅಡ್ಡಡ್ಡ ಕುಗ್ಗುತ್ತೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿಗಳು ಹೊರಚಾಚಿ ಗರಗಸದ ಹಾಗೆ ಕೈ ಕೊಯ್ಯುತ್ತವೆ. ಆಗ ಬಿಲ್ಡರ್‌ಗೆ ಬೈಯುತ್ತಾ ಬರುವವರು ನನ್ನಲ್ಲಿಗೆ ವರ್ಷವೂ ಇದ್ದಾರೆ. ಮಳೆಗಾಲದವರೆಗೆ ಕಾಯಿರಿ, ಅವಸರಪಟ್ಟು ಅರ ಹಾಕಿಸಬೇಡಿ ಅಂತ ವಾಪಸ್ ಕಳಿಸುತ್ತೇನೆ.

ಮಂಗಳೂರಿನವರು ರೋಸ್ಟೆಡ್ ಮೇಪಲ್ ನೆಕ್ ಕೇಳಿ, ಟ್ರಸ್ ರಾಡ್ ಎರಡೂ ಕಡೆಗೆ ಕೆಲಸ ಮಾಡುವಂಥದ್ದು ಇರಲಿ. ಅದನ್ನು ತಿರುಗಿಸುವ ಜಾಗ ನೆಕ್ ಬಿಚ್ಚದೆ ಕೈಗೆಟುಕುವಂತಿರಬೇಕು, ವರ್ಷಕ್ಕೆ ಎರಡು ಸಲವಾದರೂ ಬೇಕಾಗುತ್ತೆ. ಫ್ರಾನ್ಸಿನ ವಿಜಿಯೆ ಕಂಪನಿಯವರು ಟ್ರಸ್ ರಾಡ್ ಬದಲು ನೆಕ್ಕಿನೊಳಗೆ ಕಾರ್ಬನ್ ಪಟ್ಟಿ ಕೂರಿಸುತ್ತಾರೆ. ಕರಾವಳಿಗೆ ಅದೂ ಯೋಚಿಸಬಹುದಾದ ದಾರಿ.

ಕರ್ನಾಟಕ ಸಂಗೀತದ ಗಮಕ ನುಡಿಸ್ಬೇಕು. ಬಿಲ್ಡರ್‌ಗೆ ಏನಂತ ಹೇಳ್ಲಿ?

ಈ ಪ್ರಶ್ನೆ ಬಂದರೆ ನನಗೆ ಖುಷಿ. ವೀಣೆಯಲ್ಲಿ ಮೇಣದ ಮೇಲೆ ಎತ್ತರಕ್ಕೆ ನಿಂತ ಮೆಟ್ಟಿಲುಗಳ ಮೇಲೆ ತಂತಿ ಎಳೆಯುತ್ತೇವೆ, ಬೆರಳಿಗೆ ಕೆಳಗಿನ ಹಲಗೆ ತಾಗುವುದೇ ಇಲ್ಲ. ಗಿಟಾರಿನಲ್ಲಿ ಬೆರಳ ತುದಿ ಫ್ರೆಟ್‌ಬೋರ್ಡಿಗೆ ಉಜ್ಜಿ ಎಳೆತಕ್ಕೆ ತಡೆ ಬರುತ್ತೆ. ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಸ್ವತಃ ವೀಣೆ ಕಲಿತವರು. ಅವರ ಶಕ್ತಿ ತಂಡದ ಕಾಲದಲ್ಲಿ, ಮೆಕ್‌ಲಾಫ್ಲಿನ್‌ಗಾಗಿ ಬಿಲ್ಡರ್ ಏಬ್ ವೆಕ್ಟರ್ ಮಾಡಿದ ಗಿಟಾರಿನಲ್ಲಿ ಫ್ರೆಟ್ಟುಗಳ ನಡುವಿನ ಮರವನ್ನು ದೋಣಿಯ ಹಾಗೆ ತೋಡಿದ್ದರು, ಅಡ್ಡಲಾಗಿ ಶ್ರುತಿ ತಂತಿಗಳೂ ಇದ್ದವು. ಅದು ಅಕೂಸ್ಟಿಕ್, ಆದರೆ ಪಾಠ ಎಲೆಕ್ಟ್ರಿಕ್‌ಗೂ ಹೊಂದುತ್ತೆ.

ಹೀಗೆ ಬರೆಯಿರಿ: ಸ್ಕ್ಯಾಲಪ್ ಮಾಡಿದ (ಹೀಗೆ ತೋಡಿದ) ಫ್ರೆಟ್‌ಬೋರ್ಡ್, ಅದು ಬೇಡವಾದರೆ ಎತ್ತರದ ಸ್ಟೇನ್‌ಲೆಸ್ ಫ್ರೆಟ್. ಉಬ್ಬು 16 ಇಂಚು ಅಥವಾ ಇನ್ನೂ ಚಪ್ಪಟೆ, ಯಾಕೆಂದರೆ ನಾವು ಎರಡು, ಮೂರು ಸ್ವರ ದೂರ ಎಳೆಯುವವರು. ತಂತಿಯ ಉದ್ದ 24.75 ಸಾಕು, ಬಿಗಿ ಕಡಿಮೆಯಾಗಲಿ. ಮೊದಲ ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ತುಸು ಒಳಗಿರಲಿ, ಕೆಳಕ್ಕೆ ಎಳೆದಾಗ ಜಾರಿ ಹೋಗಬಾರದು. ಸ್ಕ್ಯಾಲಪ್ ಮಾಡಿಸುವ ಮೊದಲು ಅಂಥ ಗಿಟಾರನ್ನು ಒಂದು ವಾರ ನುಡಿಸಿ ನೋಡಿ. ಬಿಗಿಯಾಗಿ ಒತ್ತುವ ಕೈಗೆ ಕಾರ್ಡುಗಳೆಲ್ಲ ಅಪಶ್ರುತಿಯಾಗುತ್ತವೆ, ತೋಡಿದ ಮರ ಮತ್ತೆ ತುಂಬುವುದಿಲ್ಲ.

ಹೆಡ್‌ಲೆಸ್, ಫ್ಯಾನ್ ಫ್ರೆಟ್ ಇವೆಲ್ಲ ಶೋಕಿನಾ?

ಅಲ್ಲ. ದಪ್ಪ ತಂತಿಗೆ ಉದ್ದ ಬೇಕು, ತೆಳು ತಂತಿಗೆ ಬೇಡ. ಅದಕ್ಕಾಗಿ ಫ್ರೆಟ್ಟುಗಳನ್ನು ಬೀಸಣಿಗೆಯ ಹಾಗೆ ಹರಡುತ್ತಾರೆ. ರಾಲ್ಫ್ ನೊವಾಕ್ 1989ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. ಏಳು, ಎಂಟು ತಂತಿಯ ಗಿಟಾರಿನಲ್ಲಿ ಇದರ ಉಪಯೋಗ ಎದ್ದು ಕಾಣುತ್ತೆ, ಆರು ತಂತಿಯಲ್ಲಿ ಅಷ್ಟಿಲ್ಲ. ತಲೆಯಿಲ್ಲದ ಗಿಟಾರನ್ನು 1980ರ ದಶಕದಲ್ಲಿ ಸ್ಟೈನ್‌ಬರ್ಗರ್ ಪ್ರಚಾರಕ್ಕೆ ತಂದರು, ಸ್ವೀಡನ್ನಿನ ಓಲಾ ಸ್ಟ್ರಾಂಡ್‌ಬರ್ಗ್ ಮತ್ತೆ ಜೀವ ಕೊಟ್ಟರು. ಅವರ ನೆಕ್ಕಿನ ಹಿಂಭಾಗ ದುಂಡಗಿಲ್ಲ, ಮುಖಗಳುಳ್ಳ ಪಟ್ಟಿಯ ಹಾಗಿದೆ. ಅರ್ಧ ಗಂಟೆ ವಿಚಿತ್ರ ಅನಿಸಿ ಆಮೇಲೆ ಮರೆತುಹೋಗುತ್ತೆ. ಇದೇ ಹೆಸರಿನಲ್ಲಿ ಕಾರ್ಖಾನೆಯ ಸಾಲೂ ಇದೆ, ಕಸ್ಟಮ್ ಸಾಲೂ ಇದೆ. ಬೆಲೆ ಹೋಲಿಸುವಾಗ ಯಾವುದು ಅಂತ ನೋಡಿಕೊಳ್ಳಿ. ಪೋಲೆಂಡಿನ ಮಯೋನೆಸ್ ಕೂಡ ಏಳು, ಎಂಟು ತಂತಿಯಲ್ಲಿ ಬಹಳ ಒಳ್ಳೆಯ ಕೆಲಸದವರು, ನನಗೆ ಅವರ ಫ್ರೆಟ್ ಕೆಲಸ ತುಂಬಾ ಹಿಡಿಸಿದೆ.

ಬ್ರೆಜಿಲಿಯನ್ ರೋಸ್‌ವುಡ್ ಹಾಕ್ಸಿದ್ರೆ ಚೆನ್ನಾಗಿರುತ್ತಾ? ನಮ್ಮ ಬೀಟೆ ಅದಕ್ಕಿಂತ ಕಡಿಮೇನಾ?

ಬ್ರೆಜಿಲ್‌ನ ಮರ 1992ರಿಂದ, ಅಳಿವಿನಂಚಿನ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಠಿಣ ಪಟ್ಟಿಯಲ್ಲಿದೆ. ಸರಿಯಾದ ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಗಿಟಾರ್ ಜಪ್ತಿಯಾಗುತ್ತೆ. ನಮ್ಮ ಬೀಟೆ, ಅಂದರೆ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಅದೇ ಇಂಡಿಯನ್ ರೋಸ್‌ವುಡ್, ಜಗತ್ತಿನ ಎಷ್ಟೋ ಬಿಲ್ಡರ್‌ಗಳ ಫ್ರೆಟ್‌ಬೋರ್ಡಿನಲ್ಲಿದೆ. 2017ರ ಜನವರಿ 2ರಿಂದ ಇಡೀ ರೋಸ್‌ವುಡ್ ಕುಲವೇ ಎರಡನೇ ಪಟ್ಟಿಗೆ ಬಂದಾಗ ಬಿಲ್ಡರ್‌ಗಳು ಕಾಗದಪತ್ರದಲ್ಲಿ ಮುಳುಗಿಹೋಗಿದ್ದರು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ಆ ಪಟ್ಟಿಯಿಂದ ವಿನಾಯಿತಿ ಸಿಕ್ಕಿದೆ. ಫ್ರೆಟ್‌ಬೋರ್ಡಾಗಿ ಎರಡರ ನಡುವೆ ಕಣ್ಣುಮುಚ್ಚಿ ವ್ಯತ್ಯಾಸ ಹೇಳಬಲ್ಲವರನ್ನು ನಾನು ನೋಡಿಲ್ಲ. ಘಟ್ಟದ ಮರವೊಂದು ಅಮೆರಿಕಕ್ಕೆ ಹೋಗಿ ಗಿಟಾರಾಗಿ ನನ್ನ ಮೇಜಿಗೆ ವಾಪಸ್ ಬಂದಾಗ ಅದಕ್ಕೆ ಎಣ್ಣೆ ಸವರುವುದು ನನಗೆ ಪ್ರೀತಿಯ ಕೆಲಸ.

ತರಿಸೋಕೆ ಕಸ್ಟಮ್ಸ್ ಎಷ್ಟಾಗುತ್ತೆ, ಅಡ್ವಾನ್ಸ್ ಕೊಟ್ಮೇಲೆ ಮೋಸ ಆದ್ರೆ?

ಸುಂಕದ ಲೆಕ್ಕ ಗಿಟಾರಿನ ಬೆಲೆ, ಸಾಗಾಣಿಕೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಆ ಸುಂಕವನ್ನೂ ಸೇರಿಸಿ ಅದರ ಮೇಲೆ ಐಜಿಎಸ್‌ಟಿ ತೆರಿಗೆ. ಆರ್ಡರ್‌ಗೆ ಮೊದಲೇ ಕೊರಿಯರ್ ಕಂಪನಿಯಿಂದ ಅಂದಾಜು ಬರೆಸಿಕೊಳ್ಳಿ. ಬೆಲೆ ಕಡಿಮೆ ತೋರಿಸಿ ಅಂತ ಬಿಲ್ಡರ್‌ನನ್ನು ಕೇಳಬೇಡಿ: ದಾರಿಯಲ್ಲಿ ಮುರಿದರೆ ವಿಮೆಯೂ ಆ ಕಡಿಮೆ ಬೆಲೆಗೇ ಸಿಗುತ್ತೆ.

ಅಡ್ವಾನ್ಸ್ ವಿಚಾರದಲ್ಲಿ, ಮರ ಆರಿಸಿದಾಗ ಒಂದು ಕಂತು, ಬಾಡಿ ಮತ್ತು ನೆಕ್ ಜೋಡಿಸಿದ ಫೋಟೊ ಬಂದಾಗ ಒಂದು, ಕಳಿಸುವ ಮುನ್ನ ಉಳಿದದ್ದು, ಹೀಗೆ ಒಪ್ಪಿಸಿ. ನನ್ನ ಗಿರಾಕಿಯೊಬ್ಬರು ಒಬ್ಬ ಬಿಲ್ಡರ್‌ಗೆ ಪೂರ್ತಿ ಹಣ ಮೊದಲೇ ಕಳಿಸಿ ಮೂರು ವರ್ಷ ಕಾದು, ಕೊನೆಗೆ ಉತ್ತರವೂ ನಿಂತುಹೋಯಿತು. ಒಬ್ಬರೇ ಕೆಲಸ ಮಾಡುವ ಕಡೆ ಮೋಸಕ್ಕಿಂತ ಕಾಯಿಲೆ, ಸಾಲ, ಒಪ್ಪಿಕೊಂಡ ಅತಿ ಕೆಲಸ ಹೆಚ್ಚು ಸಲ ಕಾರಣ. ಕಳೆದ ಆರು ತಿಂಗಳಲ್ಲಿ ಗಿಟಾರ್ ಕೈಗೆ ಬಂದ ಇಬ್ಬರ ಜೊತೆ ಮಾತಾಡಿ, ಆಮೇಲೆ ಹಣ ಕಳಿಸಿ.

ಮುಂದೆ ಮಾರಿದ್ರೆ ಹಾಕಿದ ದುಡ್ಡು ಬರುತ್ತಾ?

ಡಗ್ ಇರ್ವಿನ್ ಕಟ್ಟಿದ, ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ ನುಡಿಸಿದ 'ಟೈಗರ್' ಗಿಟಾರ್ 2002ರ ಹರಾಜಿನಲ್ಲಿ 9,57,500 ಡಾಲರಿಗೆ ಹೋಯಿತು. ಅದೇ ಜೋಡಿಯ 'ವುಲ್ಫ್' 2017ರಲ್ಲಿ 19 ಲಕ್ಷ ಡಾಲರಿಗೆ. ಈ ಸುದ್ದಿ ತೋರಿಸಿ ಗಿಟಾರ್ ಹೂಡಿಕೆ ಅನ್ನುವವರನ್ನು ನಂಬಬೇಡಿ, ಆ ಬೆಲೆ ಬಂದದ್ದು ಗಾರ್ಸಿಯಾ ನುಡಿಸಿದ್ದಕ್ಕೆ.

ನಿಮ್ಮ ಕೈಗೆ, ನಿಮ್ಮ ಬಣ್ಣಕ್ಕೆ, ನಿಮ್ಮ ಹೆಸರಿನ ಇನ್‌ಲೇಗೆ ಮಾಡಿಸಿದ ಗಿಟಾರ್ ಎರಡನೆಯವರಿಗೆ ಹೊಂದುವುದು ಕಷ್ಟ. ಮಾರುವ ಯೋಚನೆ ಇದ್ದರೆ ಫೆಂಡರ್, ಗಿಬ್ಸನ್, ಪಿಆರ್‌ಎಸ್ ಹೆಸರಿನ, ಸಾದಾ ಬಣ್ಣದ, ಮಧ್ಯಮ ನೆಕ್ಕಿನ ಗಿಟಾರ್ ಕೊಳ್ಳಿ. ಇಟ್ಟುಕೊಂಡು ನುಡಿಸುವುದಾದರೆ ಮಾತ್ರ ಹೆಸರನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ ಬರೆಸಿ. ಕನ್ನಡ ಅಕ್ಷರದಲ್ಲಿ ಬರೆಸುವುದಾದರೆ ಒತ್ತಕ್ಷರ, ಕೊಂಬು, ದೀರ್ಘಗಳನ್ನು ಹಾಳೆಯ ಮೇಲೆ ನಿಜವಾದ ಅಳತೆಯಲ್ಲಿ ಬರೆದು ಸ್ಕ್ಯಾನ್ ಮಾಡಿ ಕಳಿಸಿ. ನಮ್ಮ ಲಿಪಿ ಗೊತ್ತಿಲ್ಲದವರು ಕಡಿಯುವಾಗ ಒತ್ತು ಎಲ್ಲಿ ಕೂರಬೇಕೆಂದು ಅವರಿಗೆ ತಿಳಿಯುವ ದಾರಿ ಅದೊಂದೇ.